ಆವಕಾಯಿ ಬಾಟಲಿಯ ಮೇಲಿನ ಮುಖ

ಮೊದಲೇ ಹೇಳಿಬಿಡುತ್ತೇನೆ, ತಪ್ಪು ನನ್ನದೇ. ಅದನ್ನು ಬೇರೆಯವರ ತಲೆಗೆ ಕಟ್ಟಲು ಆ ವಾರ ನಾನು ಪಟ್ಟ ಪಾಡು ಅಷ್ಟಿಷ್ಟಲ್ಲ. ಪ್ರೆಸ್ಸಿನವರನ್ನು ಬೈದೆ, ಸ್ಟಿಕ್ಕರ್ ಹಾಳೆಯನ್ನು ಬೈದೆ, ಮಧ್ಯೆ ಮಧ್ಯೆ ಹೋಗುತ್ತಿದ್ದ ಕರೆಂಟನ್ನೂ ಬೈದೆ. ಬೈಯಲು ಯಾರೂ ಉಳಿಯದೆ ಹೋದ ಮೇಲೆ ಕಂಪ್ಯೂಟರ್ ಮುಂದೆ ಕೂತು ಯೋಚನೆ ಮಾಡಲು ಶುರುಮಾಡಿದೆ.

ಅದು ೨೦೦೫ನೇ ಇಸವಿ. ಮುಳಬಾಗಿಲಿನ ಬಸ್ ಸ್ಟ್ಯಾಂಡ್ ಹತ್ತಿರ ಒಂದು ಡಿಟಿಪಿ ಸೆಂಟರಿನಲ್ಲಿ ನಾನು ಆಪರೇಟರಾಗಿದ್ದೆ. ಮದುವೆ ಕಾರ್ಡು, ಬಯೋಡೇಟಾ, ಕಾಲೇಜು ಹುಡುಗರ ಪ್ರಾಜೆಕ್ಟು, ಎಲ್ಲ ನನ್ನ ಕೈಯಲ್ಲೇ ಆಗಬೇಕು. ಆದರೆ ನನ್ನ ಪ್ರಾಣ ಇದ್ದದ್ದು ಫೋಟೋಶಾಪ್‌ನಲ್ಲಿ. ಗಾಜಿನ ಹಾಳೆಗಳನ್ನು ಒಂದರ ಮೇಲೊಂದು ಇಟ್ಟ ಹಾಗೆ ಅದರಲ್ಲಿ ಲೇಯರ್‌ಗಳು. ಒಂದರಲ್ಲಿ ಮುಖ, ಇನ್ನೊಂದರಲ್ಲಿ ಅಕ್ಷರ, ಎಲ್ಲಕ್ಕಿಂತ ಕೆಳಗೆ ಹಿನ್ನೆಲೆ. ಯಾವ ಲೇಯರ್‌ಗೆ ಬೇಕಾದರೂ ನೆರಳು ಕೊಡಬಹುದು, ಸುತ್ತ ಬೆಳಕು ಬರಿಸಬಹುದು. ನಾನು ಅದನ್ನೆಲ್ಲ ಆಗತಾನೆ ಕಲಿತಿದ್ದೆ. ಹೊಸ ಬಳೆ ತೊಟ್ಟವಳು ಕೈ ಆಡಿಸಿಕೊಂಡೇ ಮಾತಾಡುವಂತೆ, ವೈಕುಂಠ ಸಮಾರಾಧನೆಯ ಕಾರ್ಡಿಗೂ ಹೊಳೆಯುವ ಅಕ್ಷರ ಹಾಕಿ ಬೈಸಿಕೊಂಡಿದ್ದೆ.

ನಮ್ಮ ಬೀದಿಯಲ್ಲಿ ಗುಂಡಮ್ಮಜ್ಜಿ ಅಂತ ಇದ್ದರು. ವಯಸ್ಸು ಅರವತ್ತೆಂಟು. ಇಪ್ಪತ್ತಾರಕ್ಕೇ ಗಂಡ ಹೋದರು, ಮಕ್ಕಳಿಲ್ಲ. ಬೆಳ್ಳುಳ್ಳಿ ಹಾಕದೆ ಅವರು ಮಾಡುವ ಆವಕಾಯಿ ಒಂದು ಸಲ ತಿಂದವರು ಮನೆಯಲ್ಲಿ ಹೆಂಡತಿಯ ಹತ್ತಿರ ಜಗಳ ಆಡುತ್ತಿದ್ದರು. ಸುತ್ತಮುತ್ತ ಯಾರ ಮನೆಯ ಮದುವೆಯಾದರೂ ತಿಂಗಳ ಮೊದಲೇ ಅವರನ್ನು ಕರೆದು ಜಾಡಿ ತುಂಬಿಸಿಕೊಳ್ಳುತ್ತಿದ್ದರು. ಮದುವೆಯ ದಿನ ಮಾತ್ರ ಅಜ್ಜಿ ಮುಹೂರ್ತದ ಹೊತ್ತಿಗೆ ತಾವಾಗಿಯೇ ಉಗ್ರಾಣ ಸೇರಿ ಬಾಗಿಲು ಮುಂದಕ್ಕೆ ಮಾಡಿಕೊಳ್ಳುತ್ತಿದ್ದರು. ಹೋಗಿ ಎಂದು ಯಾರೂ ಹೇಳುತ್ತಿರಲಿಲ್ಲ, ಬನ್ನಿ ಎಂದೂ ಯಾರೂ ಹೇಳುತ್ತಿರಲಿಲ್ಲ. ನನಗೆ ಇದನ್ನು ನೆನೆಸಿಕೊಂಡರೆ ಈಗಲೂ ಮೈ ಉರಿಯುತ್ತದೆ.

ಅವರನ್ನು ಅಲ್ಲಿಂದ ಎಬ್ಬಿಸಿದವಳು ಭಾರತಮ್ಮ. ಯಲ್ದೂರಿನಲ್ಲಿ ಅವಳಿಗೆ ಮಾವಿನ ತೋಪಿದೆ, ಜೊತೆಗೆ ಹನ್ನೆರಡು ಹೆಂಗಸರ ಸಂಘಕ್ಕೆ ಅಧ್ಯಕ್ಷೆ. ಗುಂಡಮ್ಮಜ್ಜಿಗೆ ವರ್ಷಾ ವರ್ಷ ಕಾಯಿ ತಂದು ಕೊಡುತ್ತಿದ್ದವಳು ಆ ವರ್ಷ ಅಜ್ಜಿಯನ್ನೇ ಊರಿಗೆ ಕರೆದುಕೊಂಡು ಹೋಗಿ ಸಂಘದವರಿಗೆಲ್ಲ ಅವರಿಂದ ಆವಕಾಯಿ ಹೇಳಿಕೊಡಿಸಿದಳು. ಐನೂರು ಬಾಟಲಿ ತಯಾರಾಯಿತು. ಕೋಲಾರದಲ್ಲಿ ಮಹಿಳಾ ಸಂಘಗಳ ಮೇಳದಲ್ಲಿ ಒಂದು ಮಳಿಗೆಯೂ ಸಿಕ್ಕಿತು. ಉಳಿದದ್ದು ಲೇಬಲ್ಲು.

"ಅಜ್ಜಿ ಮುಖ ಹಾಕಮ್ಮಾ," ಎಂದಳು ಭಾರತಮ್ಮ ನನ್ನ ಅಂಗಡಿಗೆ ಬಂದು. "ಕೈ ಯಾರ್ದೋ ಮುಖಾನೂ ಅವರ್ದೇ ಇರ್ಲಿ. ಸ್ಟಿಕ್ಕರ್ ಮಾತ್ರ ಗಾಜಿನ ತರ ಇರೋದು ಬೇಕು. ಒಳಗಿರೋ ಕಾಯಿ ಕಾಣ್ದಂಗೆ ಮುಚ್ಚಿದ್ರೆ ಯಾರ್ ತಗೊಂತಾರೆ?"

ಅಜ್ಜಿ ಮೂರು ಸಲ ಒಲ್ಲೆ ಎಂದರು. ನಾಲ್ಕನೇ ಸಲ ನಾನು ಕ್ಯಾಮೆರಾ ಹಿಡಿದುಕೊಂಡು ಹೋದಾಗ, "ಕನ್ನಡಕ ತೆಗೀಬೇಕೇನೇ, ಇರ್ಲಾ?" ಎಂದು ಕೇಳಿದರು. ಅಷ್ಟು ಸಾಕಾಯಿತು ನನಗೆ. ಬೆಳ್ಳಗಿನ ಕೂದಲು, ಸಾಲಾಗಿ ಕಾಣುವ ಹಲ್ಲು, ಕಣ್ಣಲ್ಲಿ ಒಂದಿಷ್ಟು ನಾಚಿಕೆ. ಫೋಟೋ ಅಷ್ಟು ಚೆನ್ನಾಗಿ ಬಂದಿತ್ತು. ಫೋಟೋದಲ್ಲಿ ಹಿಂದಿದ್ದ ಗೋಡೆಯನ್ನು ಕತ್ತರಿಸಿ ಅಜ್ಜಿಯನ್ನು ಮಾತ್ರ ಉಳಿಸಿಕೊಳ್ಳಲು ನನಗೆ ಒಂದು ಇಡೀ ಮಧ್ಯಾಹ್ನ ಹಿಡಿಯಿತು. ತಲೆಯ ಸುತ್ತ ಬೆಳಕು ಹಾಕಿದೆ, ಅಕ್ಷರಗಳಿಗೆ ನೆರಳು ಹಾಕಿದೆ, ಸಿಡಿಗೆ ತುಂಬಿ ಕೋಲಾರದ ಒಂದು ಪ್ರೆಸ್ಸಿಗೆ ಕಳಿಸಿದೆ.

ಸೋಮವಾರ ಲೇಬಲ್ಲಿನ ಕಟ್ಟು ಬಂತು. ಮೇಳ ಶನಿವಾರ. ಗುಂಡಮ್ಮಜ್ಜಿಯ ಮನೆಯ ಹಜಾರದಲ್ಲಿ ಎಲ್ಲರೂ ಸೇರಿದೆವು. ಅಜ್ಜಿಯ ಮೈದುನನ ಮಗ ಸಂಕರ್ಷಣಾಚಾರ್ಯರೂ ಬಂದಿದ್ದರು. ಪೌರೋಹಿತ್ಯ ಮಾಡುವವರು, ನಲವತ್ತರ ಆಸುಪಾಸು. ಕೆಟ್ಟವರಲ್ಲ. ಅಜ್ಜಿಯ ಬಿಪಿ ಮಾತ್ರೆ ತಿಂಗಳು ತಪ್ಪದೆ ತಂದು ಕೊಡುವವರು ಅವರೇ. ಆದರೆ ಈ ಲೇಬಲ್ಲಿನ ವಿಷಯ ಕೇಳಿದ ದಿನದಿಂದ ಅವರ ಮುಖ ಗಂಟಾಗಿತ್ತು. ಹೊಸದಾಗಿ ಶುರುಮಾಡುವ ವ್ಯಾಪಾರ, ಮಂಗಳಕರವಾದ ಪಟ ಇರಬೇಕು ಎಂದು ಒಂದೆರಡು ಸಲ ಗೊಣಗಿದ್ದರು. ಯಾಕೆ ಹಾಗೆಂದರು ಅಂತ ಎಲ್ಲರಿಗೂ ಗೊತ್ತು, ಯಾರೂ ಬಾಯಿ ಬಿಟ್ಟು ಹೇಳಲಿಲ್ಲ.

ಹಾಳೆಯ ಮೇಲೆ ಲೇಬಲ್ಲು ನೋಡಿ ಎಲ್ಲರೂ ಹೊಗಳಿದರು. ಅಜ್ಜಿ ಹಾಳೆಯನ್ನು ಕಿಟಕಿಯ ಹತ್ತಿರ ಹಿಡಿದು ಬಹಳ ಹೊತ್ತು ನೋಡಿದರು. "ನಾನು ಇಷ್ಟು ಚೆನ್ನಾಗಿದೀನೇನೇ?" ಎಂದರು.

ಭಾರತಮ್ಮ ಒಂದು ಲೇಬಲ್ ಕಿತ್ತು ಬಾಟಲಿಗೆ ಅಂಟಿಸಿದಳು. ಅಂಟಿಸಿ, ತಿರುಗಿಸಿ, ಹೌಹಾರಿ ಅರ್ಧ ತೆಲುಗಿನಲ್ಲಿ ಕೂಗಿದಳು. "ಏಂದಮ್ಮಾ ಇದಿ! ದೆವ್ವ ಇದ್ದಂಗೈತಲ್ಲ!"

ನಿಜವಾಗಿಯೂ ಹಾಗೇ ಇತ್ತು. ಅಜ್ಜಿಯ ಬಿಳಿ ಕೂದಲು ಖಾರದ ಪುಡಿಯ ಕೆಂಪಾಗಿತ್ತು. ಕಣ್ಣಿನ ಬಿಳಿ ಕೆಂಪು, ಹಲ್ಲು ಕೆಂಪು. ಮುಖ ಕಪ್ಪಿಟ್ಟಿತ್ತು. ಅಕ್ಷರಗಳಿಗೆ ನಾನು ಹಾಕಿದ್ದ ನೆರಳು ಎಣ್ಣೆ ಸೋರಿದ ಕಲೆಯಂತೆ ಕಾಣುತ್ತಿತ್ತು. ಇನ್ನೊಂದು ಅಂಟಿಸಿದೆವು, ಮತ್ತೊಂದು ಅಂಟಿಸಿದೆವು. ಮೂರು ಬಾಟಲಿಗಳಲ್ಲೂ ಅದೇ ಮುಖ ಕೆಂಗಣ್ಣು ಬಿಟ್ಟುಕೊಂಡು ನಮ್ಮನ್ನು ನೋಡಿತು.

"ನಾನು ಮೊದ್ಲೇ ಹೇಳ್ದೆ," ಎಂದರು ಸಂಕರ್ಷಣಾಚಾರ್ಯರು ಮೆಲ್ಲಗೆ. ಗೆದ್ದ ಧ್ವನಿಯಲ್ಲ, ಹೆದರಿದ ಧ್ವನಿ. "ಕೆಲವಕ್ಕೆ ಕೆಲವು ಆಗಿಬರಲ್ಲ. ಹಾಳೆ ಮೇಲೆ ಸರಿಯಾಗಿದ್ದದ್ದು ಬಾಟಲಿಗೆ ಬಂದ ತಕ್ಷಣ ಹೀಗಾಯ್ತು ಅಂದ್ರೆ ಏನರ್ಥ?"

ಅಜ್ಜಿ ಮೂರೂ ಬಾಟಲಿಗಳನ್ನು ಒಂದೊಂದಾಗಿ ಗೋಡೆಯ ಕಡೆಗೆ ತಿರುಗಿಸಿ ಇಟ್ಟರು. ಆಮೇಲೆ ಸೆರಗಿನಿಂದ ಕೈ ಒರೆಸಿಕೊಂಡು, "ನನ್ನದು ತೆಗೆದುಬಿಡೇ ಚಿತ್ರಾ. ಲಕ್ಷ್ಮೀ ಪಟ ಹಾಕು. ಈ ವಯಸ್ಸಲ್ಲಿ ನನಗ್ಯಾಕೆ ಇದೆಲ್ಲ," ಎಂದರು.

ನನಗೆ ಅಳು ಬಂತು, ಜೊತೆಗೆ ಸಿಟ್ಟೂ ಬಂತು. ಕೆಟ್ಟದ್ದು ನನ್ನ ಕೆಲಸ, ಅಪವಾದ ಅವರ ಮುಖಕ್ಕೆ. ಈಗ ಸುಮ್ಮನೆ ಲಕ್ಷ್ಮಿಯನ್ನು ಹಾಕಿಬಿಟ್ಟರೆ ಅಜ್ಜಿ ಸಾಯುವವರೆಗೂ ತಮ್ಮ ಮುಖದಲ್ಲೇ ದೋಷ ಇದೆ ಎಂದು ನಂಬಿಕೊಂಡಿರುತ್ತಾರೆ. ಇಷ್ಟು ವರ್ಷ ಉಗ್ರಾಣದಲ್ಲಿ ಕೂತಿದ್ದೇ ಸರಿ ಎಂದುಕೊಳ್ಳುತ್ತಾರೆ. "ನಾಳೆ ಸಾಯಂಕಾಲದವರೆಗೂ ಟೈಮ್ ಕೊಡಿ," ಎಂದು ಹೇಳಿ ಆ ಬಾಟಲಿಗಳಲ್ಲಿ ಒಂದನ್ನೂ ಉಳಿದ ಲೇಬಲ್ಲುಗಳನ್ನೂ ಬಗಲಿಗೆ ಇಟ್ಟುಕೊಂಡು ಎದ್ದುಬಂದೆ.

ಮಂಗಳವಾರ ಬೆಳಿಗ್ಗೆ ಫೈಲು ತೆರೆದೆ. ಮೊದಲ ಅನುಮಾನ, ಅಜ್ಜಿಯ ಮುಖದಲ್ಲಿ ತೂತು ಬಿದ್ದಿರಬೇಕು ಅಂತ. ಹಿಂದೊಮ್ಮೆ ಬಿಳಿ ಗೋಡೆಯ ಮುಂದೆ ನಿಂತ ಬಿಳಿ ರುಮಾಲಿನ ಯಜಮಾನರೊಬ್ಬರ ಹಿನ್ನೆಲೆ ಅಳಿಸಲು ಹೋಗಿ ರುಮಾಲನ್ನೂ ಅಳಿಸಿಬಿಟ್ಟಿದ್ದೆ. ಅವರ ತಲೆಯ ಜಾಗದಲ್ಲಿ, ಹಿನ್ನೆಲೆಗೆಂದು ನಾನು ಹಾಕಿದ್ದ ಜಲಪಾತ ಹರಿಯುತ್ತಿತ್ತು. ಅದಕ್ಕೇ ಈಗ ಅಜ್ಜಿಯ ಕೆಳಗೆ ಗಾಢ ನೀಲಿಯ ಒಂದು ಲೇಯರ್ ಇಟ್ಟೆ. ಎಲ್ಲಾದರೂ ತೂತಿದ್ದರೆ ನೀಲಿ ಇಣುಕಬೇಕಿತ್ತು. ಎಲ್ಲೂ ಇಣುಕಲಿಲ್ಲ.

ಎರಡನೆಯದಾಗಿ ಎಫೆಕ್ಟುಗಳ ಮೇಲೆ ಅನುಮಾನ ಬಂತು. ನೆರಳು ತೆಗೆದೆ, ಬೆಳಕು ತೆಗೆದೆ. ಲೇಯರ್ ಎಷ್ಟು ಗಟ್ಟಿಯಾಗಿದೆ ಎಂದು ತೋರಿಸುವ ಅಂಕಿ ನೋಡಿದೆ, ನೂರಕ್ಕೆ ನೂರು ಇತ್ತು. ಮಾಡಿದ್ದನ್ನೇ ಮಾಡಿದೆ, ನೋಡಿದ್ದನ್ನೇ ನೋಡಿದೆ. ಪರದೆಯ ಮೇಲೆ ಅಜ್ಜಿ ನಗುತ್ತಲೇ ಇದ್ದರು, ಪಕ್ಕದ ಬಾಟಲಿಯ ಮೇಲೆ ರಾಕ್ಷಸಿಯಾಗಿಯೇ ಇದ್ದರು.

ಮಧ್ಯಾಹ್ನದ ಹೊತ್ತಿಗೆ ನನಗೆ ತಲೆ ಕೆಟ್ಟುಹೋಯಿತು. ಸಿಟ್ಟಿನಲ್ಲಿ ಒಂದು ಲೇಬಲ್ ಕಿತ್ತು ಮೇಜಿನ ಮೇಲೆ ಕೈಗೆ ಸಿಕ್ಕಿದ್ದಕ್ಕೆ ಬಡಿದೆ. ಅದು ಅಮ್ಮ ಮಜ್ಜಿಗೆ ತುಂಬಿಸಿ ಕೊಟ್ಟಿದ್ದ ಗಾಜಿನ ಬಾಟಲಿ. ಊಟಕ್ಕೆ ಡಬ್ಬಿ ತೆಗೆದಾಗಲೇ ನಾನು ಅದರ ಕಡೆ ನೋಡಿದ್ದು. ಮಜ್ಜಿಗೆ ಬಾಟಲಿಯ ಮೇಲೆ ಗುಂಡಮ್ಮಜ್ಜಿ ಬೆಳ್ಳಗಿನ ಕೂದಲು, ಬೆಳ್ಳಗಿನ ಹಲ್ಲು ಬಿಟ್ಟುಕೊಂಡು ಚೆನ್ನಾಗಿ ನಗುತ್ತಿದ್ದರು.

ಕಣ್ಣುಜ್ಜಿಕೊಂಡೆ. ನಗುತ್ತಲೇ ಇದ್ದರು. ಗಂಟಲು ಒಣಗಿತ್ತು, ಎರಡು ಗುಟುಕು ಮಜ್ಜಿಗೆ ಕುಡಿದೆ. ಕುಡಿದು ಕೆಳಗಿಟ್ಟರೆ ಅಜ್ಜಿಯ ನೆತ್ತಿಯ ಕೂದಲು ಮಾಯ! ಮಜ್ಜಿಗೆ ಇರುವವರೆಗೆ ಬಿಳಿ, ಅದರ ಮೇಲೆ ಬರೀ ಗಾಜು. ಇನ್ನೆರಡು ಗುಟುಕು ಕುಡಿದೆ, ಹಣೆ ತೆಳುವಾಯಿತು, ಕಣ್ಣಿನ ಬಿಳಿಯೂ ಹೋಯಿತು.

ಆಗ ಅರ್ಥವಾಯಿತು, ಮತ್ತು ಅರ್ಥವಾದ ಕೂಡಲೇ ನಾಚಿಕೆಯಾಯಿತು. ಕಾಗದದ ಮೇಲಿನ ಪ್ರಿಂಟಿಂಗಿನಲ್ಲಿ ಬಿಳಿ ಬಣ್ಣವನ್ನು ಯಾರೂ ಹಾಕುವುದೇ ಇಲ್ಲ. ಕಾಗದ ಬೆಳ್ಳಗಿರುತ್ತದಲ್ಲ, ಬಿಳಿ ಬೇಕಾದ ಕಡೆ ಕಾಗದವನ್ನು ಖಾಲಿ ಬಿಡುತ್ತಾರೆ, ಅಷ್ಟೆ. ಸ್ಟಿಕ್ಕರ್ ಹಾಳೆಯ ಹಿಂದೆ ಬಿಳಿ ಕಾಗದ ಇದ್ದದ್ದಕ್ಕೆ ಕೀಳುವವರೆಗೂ ಎಲ್ಲ ಸರಿಯಾಗಿತ್ತು. ಕಿತ್ತು ಬಾಟಲಿಗೆ ಹಾಕಿದ ಮೇಲೆ ಖಾಲಿ ಜಾಗದಿಂದ ಒಳಗಿರುವ ಆವಕಾಯಿ ಕಾಣದೆ ಇನ್ನೇನು ಕಾಣಬೇಕು? ಪ್ರೆಸ್ಸಿನ ಹುಡುಗಿ ಫೋನ್ ಮಾಡಿ, "ಮೇಡಂ, ಚಿತ್ರದ ಅಡಿಗೆ ಬಿಳಿ ಬೇಸ್ ಬೇಕಾ?" ಎಂದು ಕೇಳಿದ್ದಳು ಕೂಡ. ನಾನು ದೊಡ್ಡ ಪಂಡಿತೆಯ ಹಾಗೆ, "ಬಿಳಿ ಫೈಲ್‌ನಲ್ಲೇ ಇದೆಯಲ್ರೀ, ಕಾಣ್ಸಲ್ವಾ?" ಎಂದು ಫೋನ್ ಇಟ್ಟಿದ್ದೆ.

ಕಾರಣ ಗೊತ್ತಾಯಿತು. ಆದರೆ ಸಂಕರ್ಷಣಾಚಾರ್ಯರಿಗೆ ಲೇಯರ್, ಬೇಸ್ ಎಂದೆಲ್ಲ ಹೇಳುತ್ತಾ ಕೂತರೆ ಕೇಳುತ್ತಾರೆಯೇ? ಯೋಚನೆ ಮಾಡಿ, ಕಾಲೇಜು ಸೆಮಿನಾರುಗಳಿಗೆಂದು ಇಟ್ಟಿದ್ದ ಪಾರದರ್ಶಕ ಪ್ಲಾಸ್ಟಿಕ್ ಹಾಳೆಯೊಂದನ್ನು ತೆಗೆದೆ. ಮದುವೆ ಕಾರ್ಡುಗಳಿಗೆ ಬಳಸುವ ಗಜಲಕ್ಷ್ಮಿಯ ಚಿತ್ರ ಕಂಪ್ಯೂಟರಿನಲ್ಲಿತ್ತು. ಅದನ್ನು ಆ ಹಾಳೆಯ ಮೇಲೆ ಪ್ರಿಂಟ್ ಮಾಡಿ, ಕತ್ತರಿಸಿಕೊಂಡು ಅಜ್ಜಿಯ ಮನೆಗೆ ಹೋದೆ.

ಆಚಾರ್ಯರು ಹಜಾರದಲ್ಲಿ ಕಾಫಿ ಕುಡಿಯುತ್ತಿದ್ದರು. ಅಜ್ಜಿ ಬಾಗಿಲ ಬಳಿ ಕೂತಿದ್ದರು. ನಾನು ಲೇಬಲ್ ಅಂಟಿಸದ ಒಂದು ಆವಕಾಯಿ ಬಾಟಲಿಯನ್ನು ಆಚಾರ್ಯರ ಮುಂದಿಟ್ಟು ಲಕ್ಷ್ಮಿಯ ಹಾಳೆಯನ್ನು ಅದಕ್ಕೆ ಸುತ್ತಿದೆ. ದೇವಿಯ ಕಣ್ಣು ಕೆಂಪಾಯಿತು. ಎರಡೂ ಪಕ್ಕದ ಬಿಳಿ ಆನೆಗಳು ಖಾರದಲ್ಲಿ ಹೊರಳಿ ಬಂದಂತೆ ಕಂಡವು.

"ಆಚಾರ್ರೇ, ಈ ತಾಯಿ ನಿತ್ಯಸುಮಂಗಲಿ ತಾನೆ?" ಎಂದೆ. ಮಾತು ಸ್ವಲ್ಪ ಜೋರಾಗಿಯೇ ಬಂತು. "ಈಯಮ್ಮನ ಕಣ್ಣು ಯಾಕೆ ಕೆಂಪಾಯ್ತು, ನೀವೇ ಹೇಳಿ."

ಅವರ ಕಾಫಿ ಲೋಟ ಬಾಯಿಯ ಹತ್ತಿರವೇ ನಿಂತಿತು. ನಾನು ಅಡುಗೆಮನೆಯಿಂದ ಒಂದು ಗಾಜಿನ ಲೋಟದಲ್ಲಿ ಹಾಲು ತಂದು ಅದೇ ಹಾಳೆಯನ್ನು ಅದಕ್ಕೆ ಸುತ್ತಿದೆ. ಲಕ್ಷ್ಮಿ ಎಂದಿನ ಲಕ್ಷ್ಮಿಯಾದಳು. ಅಜ್ಜಿಯ ಲೇಬಲ್ ಅಂಟಿಸಿದ್ದ ಬಾಟಲಿಗೆ ಮತ್ತೆ ಮಜ್ಜಿಗೆ ತುಂಬಿಸಿ ತಂದಿದ್ದೆ, ಅದನ್ನೂ ಚೀಲದಿಂದ ತೆಗೆದು ಪಕ್ಕದಲ್ಲಿಟ್ಟೆ.

ಆಚಾರ್ಯರು ಲೋಟ ಕೆಳಗಿಟ್ಟರು. ಹಾಳೆಯನ್ನು ತಾವೇ ಕೈಗೆ ತೆಗೆದುಕೊಂಡು ಆವಕಾಯಿಗೆ ಸುತ್ತಿ ನೋಡಿದರು, ಹಾಲಿಗೆ ಸುತ್ತಿ ನೋಡಿದರು, ಮತ್ತೆ ಆವಕಾಯಿಗೆ ಸುತ್ತಿದರು. "ಹಾಗಾದ್ರೆ ಇದು ಬಣ್ಣದ ದೋಷ," ಎಂದರು.

"ಬಣ್ಣದ್ದೂ ಅಲ್ಲ ಆಚಾರ್ರೇ, ನನ್ನ ದೋಷ. ಬಿಳಿ ಹಾಕ್ಸೋದು ನನಗೆ ಗೊತ್ತಾಗ್ಲಿಲ್ಲ."

ಅವರು ತಲೆ ತಗ್ಗಿಸಿದರು. ಬಾಗಿಲ ಕಡೆ ತಿರುಗಿ, "ದೊಡ್ಡಮ್ಮ, ನಿನ್ನೆ ನಾನು ಆಡಿದ್ದು ತಪ್ಪಾಯ್ತು," ಎಂದರು. ಒಪ್ಪಿಕೊಳ್ಳಲು ಅವರಿಗೆ ಕಷ್ಟವಾಯಿತು, ಆದರೂ ಒಪ್ಪಿಕೊಂಡರು. ಅವರ ಮೇಲಿದ್ದ ನನ್ನ ಸಿಟ್ಟು ಅರ್ಧಕ್ಕರ್ಧ ಅಲ್ಲೇ ಇಳಿಯಿತು.

ಅಜ್ಜಿ ಮಾತ್ರ ಕರಗಲಿಲ್ಲ. "ನೀನು ಹೇಳೋದು ಬುದ್ಧಿಗೆ ತಿಳೀತು ಕಣೇ. ಆದ್ರೆ ನಿನ್ನೆ ನೋಡಿದ ಮುಖ ಕಣ್ಣಲ್ಲೇ ಕೂತಿದೆ. ಸರಿಮಾಡಿ ಬಾಟಲಿ ಮೇಲೆ ತೋರ್ಸು. ಆಮೇಲೆ ನೋಡೋಣ," ಎಂದರು.

ಕೋಲಾರದ ಪ್ರೆಸ್ಸಿಗೆ ಫೋನ್ ಮಾಡಿದರೆ ಎಂಟು ದಿನ ಬೇಕು ಎಂದರು. ಬುಧವಾರ ಬೆಳಿಗ್ಗೆ ವೆಂಕಟರಾಯಪ್ಪನವರ ಬಾಗಿಲು ತಟ್ಟಿದೆ. ಅವರದು ಪೇಟೆಯ ಒಳಗೆ ಒಂದು ಕೋಣೆಯಷ್ಟು ಸ್ಕ್ರೀನ್ ಪ್ರಿಂಟಿಂಗ್ ಅಂಗಡಿ. ಚೌಕಟ್ಟಿಗೆ ಬಿಗಿದ ಬಟ್ಟೆಯ ಮೂಲಕ ಬಣ್ಣವನ್ನು ಒಂದೊಂದಾಗಿ ಒತ್ತಿ ಮೂವತ್ತು ವರ್ಷದಿಂದ ಮದುವೆ ಕಾರ್ಡು ಮಾಡಿದವರು. ಕಂಪ್ಯೂಟರ್ ಬಂದ ಮೇಲೆ ನನ್ನಂಥವರಿಂದ ಅವರ ಕೆಲಸ ಕಡಿಮೆಯಾಗಿತ್ತು, ಆದ್ದರಿಂದ ನಾನು ಹೆದರಿಕೊಂಡೇ ಹೋದೆ. ಅವರು ಕೆಂಗಣ್ಣಿನ ಬಾಟಲಿಯನ್ನು ನೋಡಿ ಹೊಟ್ಟೆ ಹಿಡಿದುಕೊಂಡು ನಕ್ಕರು.

"ಬಿಳಿ ಅಂದ್ರೂ ಬಣ್ಣಾನೇ ಕಣಮ್ಮ. ನಿಮ್ ಕಂಪ್ಯೂಟರು ಅದನ್ನ ಏನೂ ಇಲ್ಲ ಅಂದ್ಕೊಂಡೈತೆ. ಕೆಂಪು ಕಾರ್ಡಿನ ಮೇಲೆ ನಾನು ಬಿಳಿ ಹೊಡೀದೆ ಇದ್ರೆ ಗಂಡಿನ ಹೆಸರು ಕಾಣ್ತದಾ? ಮೊದ್ಲು ಬಿಳಿ ಕೂಡ್ಸು, ಅದರ ಮೇಲೆ ಮುಖ."

ಅಂಗಡಿಗೆ ಓಡಿದೆ. ಅಜ್ಜಿಯ ಲೇಯರ್‌ಗೆ ಇನ್ನೊಂದು ಪ್ರತಿ ತೆಗೆದು, ಅಂಚು ಬಿಟ್ಟು ಹೊರಗೆ ಬಣ್ಣ ಹೋಗದಂತೆ ಬೀಗ ಹಾಕಿ, ಒಳಗೆಲ್ಲ ಒಂದೇ ಕಪ್ಪು ತುಂಬಿದೆ. ಬರೀ ಅಜ್ಜಿಯ ಆಕಾರ. ಅದನ್ನು ಕಾಗದದ ಮೇಲೆ ಪ್ರಿಂಟ್ ಮಾಡಿಕೊಟ್ಟರೆ ವೆಂಕಟರಾಯಪ್ಪನವರು ಕಾಗದಕ್ಕೆ ಕೊಬ್ಬರಿ ಎಣ್ಣೆ ಸವರಿದರು. ಕಾಗದ ಗಾಜಿನಂತಾಯಿತು, ಕಪ್ಪು ಹಾಗೇ ಉಳಿಯಿತು. ಬಿಸಿಲು ಬಿದ್ದರೆ ಗಟ್ಟಿಯಾಗುವ ಅಂಟು ಬಳಿದ ಚೌಕಟ್ಟಿನ ಮೇಲೆ ಅದನ್ನಿಟ್ಟು, ಬಿಸಿಲಿಗೆ ಹಿಡಿದು ಆ ಆಕಾರ ಇಳಿಸಿಕೊಂಡರು; ಕಪ್ಪು ಇದ್ದ ಕಡೆ ಮಾತ್ರ ಬಣ್ಣ ಇಳಿಯಲು ದಾರಿ ಉಳಿಯಿತು. ಪಾರದರ್ಶಕ ಹಾಳೆ ಮಾಡಲು ಇಷ್ಟು ಸುಲಭದ ದಾರಿ ಇದೆ ಎಂದು ನನಗೆ ಯಾವ ಕೋರ್ಸಿನಲ್ಲೂ ಹೇಳಿರಲಿಲ್ಲ.

ಮೊದಲ ಸಲ ಒತ್ತಿದ್ದು ಹಾಳಾಯಿತು. ಅದೂ ನನ್ನಿಂದಲೇ. ಪ್ರತಿ ತೆಗೆಯುವಾಗ ತಲೆಯ ಸುತ್ತ ಹಾಕಿದ್ದ ಬೆಳಕೂ ಜೊತೆಗೇ ಬಂದಿತ್ತು. ಬಿಳಿ ಬಣ್ಣ ಅಂಚಿನಿಂದಾಚೆ ಹರಡಿ, ಅಜ್ಜಿ ಹಿಟ್ಟಿನ ಗಿರಣಿಯಿಂದ ಬಂದವರಂತೆ ಕಂಡರು.

"ಬಿಳಿ ಮುಖಕ್ಕಿಂತ ಒಂದು ಕೂದಲೆಳೆ ಒಳಗಿರ್ಬೇಕು," ಎಂದರು ವೆಂಕಟರಾಯಪ್ಪ. "ಹೊರಗೆ ಇಣುಕಿದ್ರೆ ಕೆಲಸ ಕೆಟ್ಟಂಗೆ. ಆ ಬೆಳಕು ಗಿಳಕು ಎಲ್ಲ ಕಿತ್ತಾಕು."

ಕಿತ್ತುಹಾಕಿದೆ. ಕಷ್ಟಪಟ್ಟು ಕಲಿತದ್ದೆಲ್ಲ ಒಂದು ಗುಂಡಿ ಒತ್ತಿದರೆ ಹೋಯಿತು. ಹೊಟ್ಟೆ ಉರಿಯಿತು, ನಿಜ. ಆದರೆ ಎಲ್ಲ ತೆಗೆದ ಮೇಲೆ ಪರದೆಯ ಮೇಲೆ ಉಳಿದದ್ದು ಅಜ್ಜಿ ಮಾತ್ರ, ಮತ್ತು ಆ ನಗು. ಆಕಾರವನ್ನು ಕೂದಲೆಳೆಯಷ್ಟು ಒಳಗೆ ಸರಿಸಿ ಮತ್ತೆ ಪ್ರಿಂಟ್ ಕೊಟ್ಟೆ. ಮುಖವನ್ನು ಸಣ್ಣ ಸಣ್ಣ ಚುಕ್ಕಿಗಳಾಗಿ ಒಡೆದು ಕಂದು ಬಣ್ಣಕ್ಕೆ ಒಂದು ಚೌಕಟ್ಟು, ಅಕ್ಷರಗಳಿಗೆ ಹಳದಿಯ ಇನ್ನೊಂದು ಚೌಕಟ್ಟು. ಅವರ ಹತ್ತಿರವೇ ಇದ್ದ ಗಾಜಿನಂಥ ಸ್ಟಿಕ್ಕರ್ ಹಾಳೆಗಳ ಮೇಲೆ ಮೊದಲು ಬಿಳಿ, ಅದು ಒಣಗುವವರೆಗೆ ಕಾದು, ಅದರ ಮೇಲೆ ಕಂದು, ಅದು ಒಣಗಿದ ಮೇಲೆ ಹಳದಿ. ಭಾರತಮ್ಮ ಯಲ್ದೂರಿನಿಂದ ಮೂವರು ಹೆಂಗಸರನ್ನು ಕರೆತಂದಳು. ಅವರು ಹಗ್ಗ ಕಟ್ಟಿ ಹಾಳೆಗಳನ್ನು ಕ್ಲಿಪ್ ಹಾಕಿ ತೂಗುಹಾಕಿದರು. ಆ ಕೋಣೆಯೊಳಗೆ ಎಲ್ಲಿ ತಲೆ ಎತ್ತಿದರೂ ಗುಂಡಮ್ಮಜ್ಜಿಯೇ.

ಗುರುವಾರ ಮಧ್ಯಾಹ್ನ ಲೇಬಲ್ ತೆಗೆದುಕೊಂಡು ಅಜ್ಜಿಯ ಮನೆಗೆ ಹೊರಡುವುದರಲ್ಲಿದ್ದೆ. ಅಷ್ಟರಲ್ಲಿ ಅಜ್ಜಿಯೇ ವೆಂಕಟರಾಯಪ್ಪನವರ ಅಂಗಡಿಗೆ ಬಂದುಬಿಟ್ಟರು. ಜೊತೆಯಲ್ಲಿ ಸಂಕರ್ಷಣಾಚಾರ್ಯರು ಒಂದು ಆವಕಾಯಿ ಬಾಟಲಿ ಹಿಡಿದುಕೊಂಡು ನಿಂತಿದ್ದರು. ಪೇಟೆ ಬೀದಿಯ ಉದ್ದಕ್ಕೂ ನಡೆದು ಬಂದಿದ್ದಕ್ಕೆ ಅಜ್ಜಿಗೆ ಏದುಸಿರು ಹತ್ತಿತ್ತು.

"ಮನೇಲಿ ಕಾಯೋಕಾಗ್ಲಿಲ್ಲ. ಅಂಟಿಸು," ಎಂದರು.

ವೆಂಕಟರಾಯಪ್ಪನವರೇ ಲೇಬಲ್ ಕಿತ್ತು ಬಾಟಲಿಗೆ ಅಂಟಿಸಿ, ಬಟ್ಟೆಯಿಂದ ಒತ್ತಿ, ಅಜ್ಜಿಯ ಕೈಗೆ ಕೊಟ್ಟರು. ಸುತ್ತ ಕೆಂಪಗಿನ ಆವಕಾಯಿ, ಮಧ್ಯದಲ್ಲಿ ಬೆಳ್ಳಗಿನ ಕೂದಲು, ಬೆಳ್ಳಗಿನ ಹಲ್ಲು, ಕನ್ನಡಕದ ಹಿಂದೆ ನಾಚಿಕೆಯ ಕಣ್ಣು. ಕೋಲಾರದ ಪ್ರೆಸ್ಸಿನ ನಾಲ್ಕು ಬಣ್ಣದ ಬೆಡಗು ಇರಲಿಲ್ಲ. ಆದರೂ ಇದೇ ಚೆನ್ನಾಗಿತ್ತು. ನನ್ನ ಕೆಲಸವನ್ನು ನಾನೇ ಹೊಗಳಿಕೊಳ್ಳಬಾರದು, ಆದರೆ ಚೆನ್ನಾಗಿತ್ತು.

ಅಜ್ಜಿ ಬಾಟಲಿಯನ್ನು ಬೆಳಕಿಗೆ ಹಿಡಿದು ತಿರುಗಿಸಿದರು. ಹೆಬ್ಬೆರಳಿನಿಂದ ಲೇಬಲ್ಲಿನ ಅಂಚು ಸವರಿದರು. ಭಾರತಮ್ಮ ಮೂಗಿಗೆ ಸೆರಗು ಒತ್ತಿಕೊಂಡಳು. ಅಜ್ಜಿಯ ಮುಖ ಬಿಗಿಯಾಯಿತು, ಹುಬ್ಬು ಗಂಟಾಯಿತು. ಮತ್ತೆ ಏನು ತಪ್ಪು ಮಾಡಿದೆನೋ ಎಂದು ನಾನೂ ಬಾಟಲಿಯ ಕಡೆ ಬಗ್ಗಿದೆ.

"ಇದರಲ್ಲಿ ನನ್ನ ಹೆಸರೆಲ್ಲೇ?"

ನನಗೆ ಒಂದು ಕ್ಷಣ ಅರ್ಥವಾಗಲಿಲ್ಲ. "ಸಂಘದ ಹೆಸರಿದೆಯಲ್ಲ ಅಜ್ಜಿ."

"ಅದು ಸಂಘದ್ದು. ನನ್ನದು?"

"ದೊಡ್ಡಮ್ಮ, ಹೆಸರೂ ಬೇಕಾ?" ಎಂದರು ಸಂಕರ್ಷಣಾಚಾರ್ಯರು.

"ಮುಖ ಹಾಕಿದ್ಮೇಲೆ ಯಾರದು ಅಂತ ಗೊತ್ತಾಗ್ಬೇಡ್ವೇನೋ?" ಎಂದರು ಅಜ್ಜಿ. ಆಮೇಲೆ ನನ್ನ ಕಡೆ ತಿರುಗಿದರು. "ಅದಕ್ಕೆ ಇನ್ನೊಂದು ಚೌಕಟ್ಟು ಮಾಡ್ಬೇಕೇನೇ?"

ಮಾಡಬೇಕಿತ್ತು. ಐನೂರು ಲೇಬಲ್ಲನ್ನೂ ಇನ್ನೊಂದು ಸಲ ಒತ್ತಬೇಕಿತ್ತು. ಮೇಳಕ್ಕೆ ಉಳಿದಿದ್ದದ್ದು ಒಂದೇ ದಿನ. ನಾನು ವೆಂಕಟರಾಯಪ್ಪನವರನ್ನು ನೋಡಿದೆ. ಅವರು ಆಗಲೇ ತೋಳು ಮಡಚಿಕೊಂಡು ಕಾಗದಕ್ಕೆ ಕೈ ಚಾಚಿದ್ದರು.

"ಹೆಸರು ಬರ್ಕೊಡಿ ಆಚಾರ್ರೇ, ತಪ್ಪಿಲ್ದಂಗೆ," ಎಂದು ಪೆನ್ಸಿಲ್ ಮುಂದೆ ಮಾಡಿದರು.

ಸಂಕರ್ಷಣಾಚಾರ್ಯರು ಪೆನ್ಸಿಲ್ ತೆಗೆದುಕೊಂಡು ಕಾಗದದ ಮೇಲೆ ದುಂಡಗೆ 'ಗುಂಡಮ್ಮ' ಎಂದು ಬರೆದರು. ಬರೆದು, ದೊಡ್ಡಮ್ಮನ ಮುಂದೆ ಹಿಡಿದು, "ಇಷ್ಟೇ ಸಾಕಾ?" ಎಂದು ಕೇಳಿದರು.

ಅಜ್ಜಿ ಕನ್ನಡಕ ಸರಿಮಾಡಿಕೊಂಡು ಓದಿದರು.

"ಊರು ಹಾಕು, ಬೀದಿ ಹೆಸರೂ ಹಾಕು. ಹುಡುಕ್ಕೊಂಡು ಬರೋರು ಬರ್ಲಿ."